ಕಂಠೀರವದಲ್ಲಿ ಪಕ್ಕದ ಸೀಟಿನವರ ದೋಸ್ತಿ ಮಾಡೋದು ಹೇಗೆ

ಬೆಂಗಳೂರಿನಲ್ಲಿ ಯಾರಾದರೂ ಹೊಸಬರು ಸಿಕ್ಕರೆ ನಾವು ಮೊದಲು ಕೇಳುವುದು 'ಯಾವ ಏರಿಯಾ?' ಅಂತ. ಆಮೇಲೆ 'ಸ್ವಂತ ಊರು?'. ಈ ಎರಡಕ್ಕೆ ಉತ್ತರ ಸಿಕ್ಕರೆ ಸಾಕು, ಭಾಷೆ, ಜಾತಿ, ಧರ್ಮ ಎಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸಿರುತ್ತೇವೆ. ಫುಟ್‌ಬಾಲ್ ಮ್ಯಾಚಿಗೆ ಹೋದಾಗ ಇವೆರಡನ್ನೂ ಕೇಳಬೇಡಿ. ಅರ್ಧ ಕೆಲಸ ಅಲ್ಲೇ ಆಯ್ತು.

ನಾನು ಹನುಮಂತನಗರದವನು. ನಮ್ಮ ಕಡೆ ಆಟ ಅಂದರೆ ಕ್ರಿಕೆಟ್, ಅಷ್ಟೇ. ಫುಟ್‌ಬಾಲ್ ಏನಿದ್ದರೂ ದಂಡು, ಅಂದರೆ ಕಂಟೋನ್ಮೆಂಟ್ ಕಡೆಯವರದು: ಆಸ್ಟಿನ್ ಟೌನ್, ಹಲಸೂರು, ಗೌತಮಪುರ. ಗೌತಮಪುರದಲ್ಲಂತೂ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ನಾವು 'ಮಗಾ' ಅನ್ನುವವರು, ಅವರು 'ಮಚ್ಚಾ' ಅನ್ನುವವರು, ನಡುವೆ ಕಬ್ಬನ್ ಪಾರ್ಕ್. ಕಂಠೀರವ ಸ್ಟೇಡಿಯಂ ಇರುವುದು ಸರಿಯಾಗಿ ಆ ಗಡಿಯಲ್ಲೇ, ನೋಡಿ.

ಒಬ್ಬರೇ ಹೋಗಿ. ಗ್ಯಾಂಗ್ ಕಟ್ಟಿಕೊಂಡು ಹೋದರೆ ಅದೇ ಗ್ಯಾಂಗ್ ಜೊತೆ ಮಾತಾಡಿ ವಾಪಸ್ ಬರ್ತೀರಿ. ನಮ್ಮೂರ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಮ್ಯಾಚ್ ಆದರೆ ಅದರ ಅಭಿಮಾನಿಗಳ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್‌ನವರು ಹಾಡುವ ಸ್ಟ್ಯಾಂಡಿನ ಟಿಕೆಟ್ ತಗೊಳ್ಳಿ, ನಾಲ್ಕೈದು ಮ್ಯಾಚ್ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ನಿಲ್ಲಿ. ಮಾತು ಶುರು ಮಾಡೋಕೆ ಕಷ್ಟ ಪಡಬೇಕಾಗಿಲ್ಲ. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆ ಕಡೆ ಗೋಲ್ ಆದರೆ ಯಾರು ಹೊಡೆದರು ಅಂತ ಅರ್ಧ ಜನಕ್ಕೆ ಕಾಣುವುದೇ ಇಲ್ಲ. 'ಯಾರು ಹೊಡೆದಿದ್ದು?' ಅಂತ ಪಕ್ಕದವರನ್ನು ಕೇಳಿ, ಕಂಡಿದ್ದರೂ ಕೇಳಿ. ಹಾಫ್ ಟೈಮಿನಲ್ಲಿ ಟೀ ಸಿಕ್ಕರೆ ಬೈ ಟು.

ನನಗೆ ಹಾಗೆ ಸಿಕ್ಕಿದವರು ಆಸ್ಟಿನ್ ಟೌನಿನ ಒಬ್ಬರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು 'ಅಣ್ಣ' ಅಂದೆ, ಕನ್ನಡದಲ್ಲೂ ಅದೇ, ತಮಿಳಲ್ಲೂ ಅದೇ. ಅವರು 'ತಂಬಿ' ಅಂದರು. ಅವರ ಕನ್ನಡದಲ್ಲಿ ತಮಿಳು ಬೆರೆತಿರುತ್ತದೆ. ಅದನ್ನು ತಿದ್ದೋಕೆ ಹೋಗಬೇಡಿ. ಆಫ್‌ಸೈಡ್ ಅಂದರೇನು ಅಂತ ನನಗೆ ಮೂರು ಸಲ ವಿವರಿಸಿದ್ದು ಅದೇ ಬೆರಕೆ ಕನ್ನಡದಲ್ಲಿ.

ಕಷ್ಟ ಇರುವುದು ಊರು ಕೆಟ್ಟ ದಿನಗಳಲ್ಲಿ. 2016ರ ಸೆಪ್ಟೆಂಬರ್ 12, ಕಾವೇರಿ ಗಲಾಟೆ. ತಮಿಳುನಾಡು ನಂಬರಿನ ಬಸ್ಸುಗಳು ಸುಟ್ಟವು, ಕರ್ಫ್ಯೂ ಹಾಕಿದರು. ಅವತ್ತು ರಾತ್ರಿ ನಾನು ಯಾವುದೋ ವಿಡಿಯೋ ಒಂದನ್ನು ಸುಮ್ನೆ, ಯೋಚನೆಯೇ ಮಾಡದೆ ಎಲ್ಲರಿಗೂ ಫಾರ್ವರ್ಡ್ ಮಾಡಿದೆ. ಆ 'ಎಲ್ಲರಲ್ಲಿ' ಅಣ್ಣನೂ ಇದ್ದರು. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಇಂಥ ದಿನ ಏನು ಮಾಡಬೇಕು ಅಂದರೆ, ಫೋನ್ ಮಾಡಿ 'ಮನೆಗೆ ಬಂದ್ರಾ? ಮಕ್ಕಳು ಬಂದ್ರಾ?' ಅಂತ ಕೇಳಬೇಕು. 'ನಿಮ್ಮವರು', 'ನಮ್ಮವರು' ಅನ್ನುವ ಮಾತೇ ಎತ್ತಬಾರದು. ನಾನು ಇದ್ಯಾವುದನ್ನೂ ಮಾಡಿರಲಿಲ್ಲ.

ಅಕ್ಟೋಬರ್ 19ಕ್ಕೆ ಕಂಠೀರವದಲ್ಲಿ ಬಿಎಫ್‌ಸಿಯ ಎಎಫ್‌ಸಿ ಕಪ್ ಸೆಮಿಫೈನಲ್, ಏಷ್ಯಾದ ಕ್ಲಬ್‌ಗಳ ಪಂದ್ಯಾವಳಿ ಅದು. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡ. ಅಣ್ಣ ಅದೇ ಜಾಗದಲ್ಲಿದ್ದರು. ಹೋಗಿ ಪಕ್ಕದಲ್ಲಿ ನಿಂತು, 'ಅಣ್ಣ, ಅದನ್ನ ಕಳಿಸಬಾರದಿತ್ತು, ತಪ್ಪಾಯ್ತು' ಅಂದೆ. 'ಬಿಡು ತಂಬಿ' ಅಂದರು, ನನ್ನ ಮುಖ ನೋಡದೆ. ಮೊದಲ ಗೋಲ್ ಜೊಹೊರ್‌ನವರದು. ಆಮೇಲೆ ನಮ್ಮ ಕಡೆಯಿಂದ ಸುನಿಲ್ ಚೆಟ್ರಿ ಎರಡು, ಸ್ಪೇನಿನ ಹುವಾನಾನ್ ಒಂದು. 3-1. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು ಅದೇ ಮೊದಲು. ನಮ್ಮ ಮೂರನೇ ಗೋಲಿಗೆ ಅಣ್ಣನ ಕೈ ನನ್ನ ಹೆಗಲ ಮೇಲಿತ್ತು. ಕ್ಷಮೆ ಕೇಳುವುದಿದ್ದರೆ ವಿಸಿಲ್ ಊದುವ ಮೊದಲೇ ಕೇಳಿಬಿಡಿ. ಗೆದ್ದ ಮೇಲೆ ಕೇಳಿದರೆ ಅದಕ್ಕೆ ಬೆಲೆ ಕಮ್ಮಿ. ಜಾಸ್ತಿ ವಿವರಣೆಯೂ ಬೇಡ.

ರಂಜಾನ್ ತಿಂಗಳಲ್ಲಿ ಮ್ಯಾಚ್ ಬಿದ್ದರೆ ಬೇಗ ಹೋಗಿ. 2024ರಲ್ಲೂ 2025ರಲ್ಲೂ ಅದು ಮಾರ್ಚಿನಲ್ಲೇ ಬಂದಿತ್ತು, ಏಳೂವರೆಗೆ ಆಟ ಅಂದರೆ ಅಷ್ಟರೊಳಗೆ ಉಪವಾಸ ಬಿಡುವ ಹೊತ್ತು ಆಗಿರುತ್ತದೆ. ಗೇಟಿನ ಹೊರಗೆ ಖರ್ಜೂರ ಕೊಟ್ಟರೆ ಬೇಡ ಅನ್ನಬೇಡಿ. ನೀವೂ ಒಂದು ಪೊಟ್ಟಣ ಒಯ್ದರೆ ಇನ್ನೂ ಒಳ್ಳೆಯದು.

ಎದುರಾಳಿ ಕೇರಳ ಬ್ಲಾಸ್ಟರ್ಸ್ ತಂಡದ ಫ್ಯಾನ್‌ಗಳ ಜೊತೆಗೂ ದೋಸ್ತಿ ಆಗುತ್ತದೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ. ತಂಡವನ್ನು ಎಷ್ಟು ಬೇಕಾದರೂ ಕಾಲೆಳೆಯಿರಿ, ಭಾಷೆ, ಊಟದ ತಂಟೆಗೆ ಹೋಗಬೇಡಿ. 2023ರ ಮಾರ್ಚ್ 3ರಂದು ಚೆಟ್ರಿ ಹೊಡೆದ ಆ ಫ್ರೀ ಕಿಕ್, ಆ ಗೋಲನ್ನು ಒಪ್ಪದೆ ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ಹೋಗಿದ್ದು, ಇದನ್ನು ಮಾತ್ರ ಪರಿಚಯ ಆದ ಮೊದಲ ದಿನವೇ ತೆಗೆಯಬೇಡಿ. ವಾದ ಮುಗಿಯದೆ ಬಸ್ಸು ತಪ್ಪುತ್ತದೆ.

ಇನ್ನು, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಕಡೆಗೂ ಒಮ್ಮೆ ಹೋಗಿ, ಲೋಕಲ್ ಲೀಗ್ ನೋಡೋಕೆ ಬರುವ ಹಿರಿಯರ ಪಕ್ಕ ಕೂತ್ಕೊಳ್ಳಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ಒಂದೇ ಗೋಲ್ ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದ ಅಹ್ಮದ್ ಖಾನ್, ಇಬ್ಬರೂ ಇದೇ ಊರಿನವರು. ಆ ಹೆಸರು ಎತ್ತಿದರೆ ಸಾಕು, ಆಮೇಲೆ ನೀವು ಬಾಯಿ ತೆರೆಯಬೇಕಾಗಿಲ್ಲ.

ಎರಡು ಸೀಸನ್ ಕಳೆಯುವಷ್ಟರಲ್ಲಿ ಯಾರಾದರೂ ಒಬ್ಬರು ಮನೆಗೆ ಊಟಕ್ಕೆ ಕರೆದೇ ಕರೀತಾರೆ. ಆಗ ಧಾರಾಳವಾಗಿ 'ಯಾವ ಏರಿಯಾ?' ಅಂತ ಕೇಳಿ. ಅಡ್ರೆಸ್ ಬೇಕಲ್ವಾ.