ಹೊರದೇಶದ ಪಿಎಚ್‌.ಡಿ.ಗೆ ವಿದ್ಯಾರ್ಥಿವೇತನ: ಅರ್ಜಿಗೂ ಮುಂಚಿನ ಕೆಲಸ

ಪ್ರಕಟಣೆ ಬಂದ ಮೇಲೆ ಓಡಾಟ ಶುರು ಮಾಡಿದರೆ ಆ ವರ್ಷ ಕೈತಪ್ಪಿತೆಂದೇ ಲೆಕ್ಕ. ಒಂದು ವರ್ಷ ಮುಂಚೆಯೇ ಕೆಲಸ ಹಚ್ಚಿಕೊಳ್ಳಿ.

‘ಬಡ ದೇಶಗಳ ವಿದ್ಯಾರ್ಥಿಗಳಿಗೆ’ ಎಂದು ಬರೆದಿದ್ದರೆ ಮೊದಲು ದೇಶಗಳ ಪಟ್ಟಿ ನೋಡಿ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಭಾರತ ಕೆಳ-ಮಧ್ಯಮ ಆದಾಯದ ದೇಶ. ಮನೆಯ ಬಡತನ ಅಲ್ಲಿ ಲೆಕ್ಕಕ್ಕಿಲ್ಲ. ಅತಿ ಹಿಂದುಳಿದ ದೇಶಗಳಿಗೆಂದಿರುವ ಬ್ರಿಟನ್ನಿನ ಕಾಮನ್‌ವೆಲ್ತ್ ಪಿಎಚ್‌.ಡಿ. ವಿದ್ಯಾರ್ಥಿವೇತನ ನಮಗೆ ಸಿಗದು. ಅವರದೇ ಸ್ಪ್ಲಿಟ್-ಸೈಟ್ ಯೋಜನೆ ಸಿಗುತ್ತದೆ: ಪಿಎಚ್‌.ಡಿ. ಇಲ್ಲಿ, ಬ್ರಿಟನ್ನಿನಲ್ಲಿ ಹೆಚ್ಚೆಂದರೆ 12 ತಿಂಗಳು. ಅಮೆರಿಕಕ್ಕೆ ಹೋಗುವ ಫುಲ್‌ಬ್ರೈಟ್-ನೆಹರುವಿನ ಡಾಕ್ಟರಲ್ ಫೆಲೋಶಿಪ್‌ಗೂ ಇಲ್ಲಿ ಪಿಎಚ್‌.ಡಿ.ಗೆ ನೋಂದಣಿಯಾಗಿರಬೇಕು. ಅವಧಿ 6ರಿಂದ 9 ತಿಂಗಳು.

ಪೂರ್ತಿ ಖರ್ಚು ಕೊಡುವುದು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್. 125 ಸ್ಥಾನ: ಪರಿಶಿಷ್ಟ ಜಾತಿಗೆ 115, ಅಲೆಮಾರಿಗಳಿಗೆ 6, ಭೂರಹಿತ ಕೃಷಿಕಾರ್ಮಿಕರು ಮತ್ತು ಕುಶಲಕರ್ಮಿಗಳ ಮಕ್ಕಳಿಗೆ 4. ಮೂಡಿಗೆರೆ, ಸಕಲೇಶಪುರದ ತೋಟದ ಲೈನ್ ಮನೆಗಳಲ್ಲಿ ಬೆಳೆದವರು ಈ ಕೊನೆಯ ವರ್ಗವನ್ನು ಗಮನಿಸಿಯೇ ಇರುವುದಿಲ್ಲ. ವಯಸ್ಸು 35ರೊಳಗೆ, ಅಂಕ ಶೇ. 60, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು. ವಿಶ್ವವಿದ್ಯಾಲಯ ಜಾಗತಿಕ ಶ್ರೇಯಾಂಕದ ಕ್ಯೂಎಸ್ ಪಟ್ಟಿಯ ಮೊದಲ 500ರಲ್ಲಿರಬೇಕು.

ಈ ಅರ್ಜಿಯಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಪ್ರವೇಶಪತ್ರ ಷರತ್ತಿಲ್ಲದ್ದಾಗಿರಬೇಕು. ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಅಂಕ ಕೊಡದಿದ್ದರೆ ಷರತ್ತು ಹಾಗೇ ಉಳಿಯುತ್ತದೆ. ಪರೀಕ್ಷೆ ಮೊದಲು ಮುಗಿಸಿ, ಅಂಕ 2 ವರ್ಷ ನಡೆಯುತ್ತದೆ. ಇನ್ನೊಂದು ವಿಷಯದ ಆಯ್ಕೆ. 2022ರಿಂದ ಭಾರತದ ಇತಿಹಾಸ, ಸಂಸ್ಕೃತಿ, ಸಮಾಜ ಕುರಿತ ಸಂಶೋಧನೆಗೆ ಇದರಲ್ಲಿ ದುಡ್ಡಿಲ್ಲ. ಬೇಲೂರು-ಹಳೇಬೀಡಿನ ಶಿಲ್ಪದ ಮೇಲೆ ಕೆಲಸ ಮಾಡುವವರಿಗೆ ಇದು ಅನ್ಯಾಯವೇ, ಆದರೆ ನಿಯಮ ಹಾಗಿದೆ. ಅಂಥವರು ಬೇರೆ ದಾರಿ ನೋಡಲಿ.

ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಆಯುಷ್ಯವಿದೆಯೆಂದು ಹಳೆಯದನ್ನೇ ಲಗತ್ತಿಸಬೇಡಿ. ಕೇಳುವುದು ಹಿಂದಿನ ಹಣಕಾಸು ವರ್ಷದ ಆದಾಯ. ಹೊಸದು ಮಾಡಿಸಿ.

ಹೆಸರಿನ ಗೊಂದಲ ನಮ್ಮ ಕಡೆ ಜಾಸ್ತಿ. ಅಂಕಪಟ್ಟಿಯಲ್ಲಿ ‘ರಮ್ಯ ಎಚ್‌.ಕೆ.’ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಸರ್‌ನೇಮ್ ಕಲಂ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. ಪಾಸ್‌ಪೋರ್ಟ್ ಮೊದಲು ಮಾಡಿಸಿ, ಮಿಕ್ಕೆಲ್ಲ ಅರ್ಜಿಗಳಲ್ಲಿ ಅದೇ ಹೆಸರು ಅಕ್ಷರ ತಪ್ಪದೆ ಬರೆಯಿರಿ. ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಜೊತೆಗಿರಲಿ.

ಮಾರ್ಗದರ್ಶನ ಕೇಳಿ ಅಲ್ಲಿನ ಪ್ರಾಧ್ಯಾಪಕರಿಗೆ ಬರೆಯುವ ಮೇಲ್ 200 ಪದ ದಾಟದಿರಲಿ: ಅವರ ಯಾವ ಲೇಖನ ಓದಿದಿರಿ, ನಿಮ್ಮ ಪ್ರಶ್ನೆ ಏನು, ದುಡ್ಡು ಎಲ್ಲಿಂದ ಬರಬಹುದು. ಒಂದೇ ಮೇಲ್ ನಲವತ್ತು ಜನಕ್ಕೆ ಕಳಿಸಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಟ್ರಾನ್ಸ್‌ಕ್ರಿಪ್ಟ್ (ವಿ.ವಿ. ದೃಢೀಕರಿಸಿದ ಎಲ್ಲ ಅಂಕಗಳ ದಾಖಲೆ) ಕಾಲೇಜಿನ ಕೆಲಸವೆಂದು ಕಾಯಬೇಡಿ. ಕುವೆಂಪು ವಿ.ವಿ.ಯವರು ಶಂಕರಘಟ್ಟಕ್ಕೆ, ಮೈಸೂರು ವಿ.ವಿ.ಯವರು ಮೈಸೂರಿಗೆ, ವಿಟಿಯುನವರು ಬೆಳಗಾವಿಗೆ ಅರ್ಜಿ ಹಾಕಬೇಕು. ಒಟ್ಟಿಗೇ ಐದು ಪ್ರತಿ ಕೇಳಿ. ಮುದ್ರೆ ಹಾಕಿದ ಕವರನ್ನು ಮನೆಯಲ್ಲಿ ಯಾರಾದರೂ ಕುತೂಹಲಕ್ಕೆ ಒಡೆದರೆ ಆ ಪ್ರತಿ ಕೆಟ್ಟಿತು.