ಬೇರು ಕಿತ್ತು ಬಂತು ಅಂತ ಅಳುವ ಮೊದಲು

ನಮ್ಮ ಬಚ್ಚಲ ಕಿಟಕಿಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಹಣಿಗೆಗೆ ಬಂದ ಕೂದಲನ್ನು ಅತ್ತೆ ಬೆರಳಿಗೆ ಸುತ್ತಿ, ಸಣ್ಣ ಉಂಡೆ ಮಾಡಿ ಅದರಲ್ಲಿ ಹಾಕುತ್ತಾರೆ. ಓಣಿಗೆ ಕೂದಲು ಕೊಳ್ಳುವವನು ಬಂದಾಗ ಅದನ್ನು ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳುತ್ತಾರೆ. ಡಬ್ಬಿ ತುಂಬಲು ಐದಾರು ತಿಂಗಳು ಬೇಕು. ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಅದು ಮೂರೇ ವಾರದಲ್ಲಿ ತುಂಬಿತು. ಕೂದಲಿನವನು ತೂಕ ಮಾಡುತ್ತಾ ಕೇಳಿದ: "ಈ ಸಲ ಭಾಳ ಅದಾವಲ್ರಿ ಅವ್ವಾರ, ಯಾರಿಗ ಉದುರ್ಲತ್ತಾವ?"

ಉದುರುತ್ತಿದ್ದದ್ದು ನನಗೆ. ಕಲಬುರಗಿಯಲ್ಲಿ ಹನ್ನೆರಡು ವರ್ಷದಿಂದ ಹೆಂಗಸರ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ದಿನಾ ಹತ್ತು ಜನರ ಕೂದಲು ನನ್ನ ಕೈಯಲ್ಲಿ ಇರುತ್ತದೆ. ಎಷ್ಟೋ ಜನರಿಗೆ ಎಣ್ಣೆ ಹೇಳಿದ್ದೇನೆ, ಶಾಂಪೂ ಹೇಳಿದ್ದೇನೆ. ಆದರೆ ಕೂದಲು ಹೇಗೆ ಬೆಳೆಯುತ್ತದೆ, ಯಾಕೆ ಬೀಳುತ್ತದೆ ಅಂತ ಸರಿಯಾಗಿ ತಿಳಿದದ್ದು ನನ್ನ ತಲೆ ಖಾಲಿಯಾಗುತ್ತಾ ಬಂದಾಗಲೇ. ಆ ಭಯ ಏನು ಅಂತ ಈಗ ಗೊತ್ತು. ಹಾಗಾಗಿ ನಾನು ಏನೇನು ಮಾಡಿದೆ ಅಂತ ಬರೆಯುತ್ತಿದ್ದೇನೆ.

ಮೊದಲು ನಾನು ದೂರಿದ್ದು ನೀರನ್ನು. ಇಲ್ಲಿ ಎಲ್ಲರೂ ಅದನ್ನೇ ದೂರುತ್ತಾರೆ. ನಮ್ಮ ಬೋರಿನ ನೀರು ಗಡಸು, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಸರಿ, ಪರೀಕ್ಷೆ ಮಾಡಿ ನೋಡೋಣ ಅಂತ ಮೂರು ವಾರ ಕುಡಿಯುವ ನೀರಿನ ಕ್ಯಾನ್ ತರಿಸಿ ಅದರಲ್ಲೇ ತಲೆ ತೊಳೆದೆ. ಕೂದಲು ಮೆತ್ತಗಾಯಿತು, ಸಿಕ್ಕು ಕಡಿಮೆಯಾಯಿತು. ಆದರೆ ಉದುರುವುದು ಒಂದಿಷ್ಟೂ ಕಡಿಮೆಯಾಗಲಿಲ್ಲ. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ನಡುವೆ ತುಂಡಾಗುವ ಹಾಗೆ ಮಾಡುತ್ತದೆ. ನನಗೆ ಆಗುತ್ತಿದ್ದದ್ದು ಬೇರೆ.

ಆಮೇಲೆ ಈರುಳ್ಳಿ ರಸ. ಯಾರೋ ತಂದುಕೊಟ್ಟ ದುಬಾರಿ ಎಣ್ಣೆ. ಬಯೋಟಿನ್ ಮಾತ್ರೆ. "ನಿನ್ನ ತಲಿ ಮ್ಯಾಲ ಯಾರದೋ ಕಣ್ಣು ಬಿದ್ದದ" ಅಂತ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ ಬಡಿಸುವಾಗ ನನ್ನ ಕೂದಲು ಎಲ್ಲಿ ಯಾರ ತಾಟಿಗೆ ಬೀಳುತ್ತದೋ ಅಂತ ತಲೆಗೆ ಬಿಗಿಯಾಗಿ ಸೆರಗು ಸುತ್ತಿಕೊಂಡೆ. ಅವತ್ತು ಊಟ ರುಚಿಸಲಿಲ್ಲ.

ಮರುದಿನ ಬೆಳಿಗ್ಗೆ ಸುಮ್ನೆ ಅಳುತ್ತಾ ಕೂರುವ ಬದಲು ಬಿದ್ದ ಕೂದಲನ್ನೇ ನೋಡೋಣ ಅನ್ನಿಸಿತು. ಕಿಟಕಿ ಬೆಳಕಿನಲ್ಲಿ ಒಂದು ಕಪ್ಪು ಬಟ್ಟೆ ಹಾಸಿ, ಹಣಿಗೆಗೆ ಬಂದ ಕೂದಲನ್ನು ಒಂದೊಂದಾಗಿ ಅದರ ಮೇಲೆ ಇಟ್ಟೆ. ಬಹುಪಾಲು ಎಲ್ಲವೂ ಉದ್ದದ ಕೂದಲು. ಒಂದು ತುದಿಯಲ್ಲಿ ಗಸಗಸೆ ಕಾಳಿಗಿಂತ ಚಿಕ್ಕದಾದ ಬಿಳಿ ಗಂಟು. ನನ್ನ ಗಿರಾಕಿಗಳು ಇದನ್ನು ನೋಡಿಯೇ "ಬೇರು ಸಮೇತ ಕಿತ್ತು ಬಂತ್ರೀ" ಅಂತ ಅಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ತುಂಡಾದ ಕೂದಲಿಗೆ ಆ ಗಂಟು ಇರುವುದಿಲ್ಲ, ಅದು ಗಿಡ್ಡವಾಗಿರುತ್ತದೆ. ಅಂಥವು ಮೂರೋ ನಾಲ್ಕೋ ಇದ್ದವು ಅಷ್ಟೇ.

ಎಣಿಸಲೂ ಶುರು ಮಾಡಿದೆ. ತಲೆ ತೊಳೆಯದ ದಿನ 120ರ ಮೇಲೆ. ಎರೆದುಕೊಂಡ ದಿನ 300 ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ದಿನಕ್ಕೆ 50ರಿಂದ 100 ಕೂದಲು ಬೀಳುವುದು ಎಲ್ಲರಿಗೂ ಸಹಜ. ಎರಡು ಮೂರು ದಿನ ಬಿಟ್ಟು ತಲೆ ತೊಳೆದರೆ ಅಷ್ಟೂ ದಿನದ್ದು ಒಟ್ಟಿಗೆ ಬರುತ್ತದೆ, ಹಾಗಾಗಿ ಒಂದು ದಿನದ ಲೆಕ್ಕ ನೋಡಿ ಹೆದರಬಾರದು. ಆದರೆ ನನ್ನದು ವಾರಗಟ್ಟಲೆ ಹಾಗೇ ಇತ್ತು. ಗಂಡನಿಗೆ ಹೇಳಿ ಅದೇ ಕಿಟಕಿ, ಅದೇ ಹೊತ್ತಿನಲ್ಲಿ ಬೈತಲೆಯ ಫೋಟೋ ತೆಗೆಸಿದೆ. ತಿಂಗಳಿಗೊಂದು. ಮುಂದೆ ಬಹಳ ಉಪಯೋಗಕ್ಕೆ ಬಂದದ್ದು ಇದೇ. ಕನ್ನಡಿ ದಿನಾ ಒಂದೊಂದು ಹೇಳುತ್ತದೆ, ಫೋಟೋ ಹಾಗಲ್ಲ.

ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಜನವರಿ. ಅವರು ಒಂದಿಷ್ಟು ಕೂದಲನ್ನು ಬೆರಳಲ್ಲಿ ಹಿಡಿದು ಬುಡದಿಂದ ತುದಿಗೆ ಮೆಲ್ಲಗೆ ಎಳೆದರು. ಬಂದದ್ದನ್ನು ಎಣಿಸಿದರು. ಬೇರೆ ಬೇರೆ ಕಡೆ ಹಾಗೇ ಮಾಡಿದರು. ಯಾವ ಎಣ್ಣೆ, ಯಾವ ಶಾಂಪೂ ಅಂತ ಕೇಳಲೇ ಇಲ್ಲ. ಅವರ ಮೊದಲ ಪ್ರಶ್ನೆ: "ಮೂರು ತಿಂಗಳ ಹಿಂದ ಏನರ ಆಗಿತ್ತೇನ್ರಿ? ಜ್ವರ, ಆಪರೇಷನ್, ಬಾಣಂತನ?"

ಸೆಪ್ಟೆಂಬರಿನಲ್ಲಿ ನನಗೆ ಡೆಂಗಿ ಆಗಿತ್ತು. ಐದು ದಿನ ಆಸ್ಪತ್ರೆಯಲ್ಲಿದ್ದೆ. ಆಮೇಲೆ ಹದಿನೈದು ದಿನ ಬಾಯಿಗೆ ಏನೂ ಸೇರುತ್ತಿರಲಿಲ್ಲ. ಆರಾಮಾದ ಮೇಲೆ ಮರೆತೇ ಬಿಟ್ಟಿದ್ದೆ. ಅದಕ್ಕೂ ಇದಕ್ಕೂ ಗಂಟು ಹಾಕಲು ನನಗೆ ಹೊಳೆಯಲೇ ಇಲ್ಲ.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ಪ್ರತಿ ಕೂದಲಿಗೂ ಅದರದೇ ಸರದಿ. ಎರಡರಿಂದ ಆರು ವರ್ಷ ಅದು ಬೆಳೆಯುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲುತ್ತದೆ. ನಂತರ ಸುಮಾರು ಮೂರು ತಿಂಗಳು ವಿಶ್ರಾಂತಿ. ಆಮೇಲೆ ಅದು ಉದುರಿ, ಅದೇ ಗುಂಡಿಯಿಂದ ಹೊಸದು ಬರುತ್ತದೆ. ಚೆನ್ನಾಗಿರುವ ತಲೆಯಲ್ಲಿ ನೂರಕ್ಕೆ 85ರಿಂದ 90 ಕೂದಲು ಬೆಳೆಯುವ ಹಂತದಲ್ಲೇ ಇರುತ್ತವೆ. ಹಿತ್ತಲಿನ ಬದನೆ ಗಿಡದ ಹಾಗೆ ಅಂದುಕೊಳ್ಳಿ, ದಿನಾ ನಾಲ್ಕು ಕಾಯಿ ಕಿತ್ತರೂ ಗಿಡ ಖಾಲಿ ಕಾಣುವುದಿಲ್ಲ. ದೊಡ್ಡ ಜ್ವರ ಬಂದಾಗ ಏನಾಗುತ್ತದೆ ಅಂದರೆ, ಬೆಳೆಯುತ್ತಿದ್ದ ಕೂದಲಲ್ಲಿ ಬಹಳಷ್ಟು ಒಮ್ಮೆಲೇ ವಿಶ್ರಾಂತಿಗೆ ಹೋಗುತ್ತವೆ. ಬದನೆ ಗಿಡ ಹೋಗಿ ತೊಗರಿ ಹೊಲ ಆಗುತ್ತದೆ. ಎಲ್ಲವೂ ಒಟ್ಟಿಗೆ ಕೊಯ್ಲಿಗೆ ಬರುತ್ತದೆ. ಅದೂ ಎರಡು ಮೂರು ತಿಂಗಳು ತಡವಾಗಿ. ಅಷ್ಟರಲ್ಲಿ ಜ್ವರ ನೆನಪಲ್ಲಿ ಇರುವುದಿಲ್ಲ, ಕಳೆದ ವಾರ ಬದಲಿಸಿದ ಶಾಂಪೂ ನೆನಪಿರುತ್ತದೆ. ಅದರ ಮೇಲೆ ತಪ್ಪು ಹೊರಿಸುತ್ತೇವೆ.

ಇದಕ್ಕೆ ಟೆಲೋಜೆನ್ ಎಫ್ಲೂವಿಯಮ್ ಅಂತ ಹೆಸರು. ಇನ್ನು ಆ ಬಿಳಿ ಗಂಟು. ಅದು ಬೇರು ಅಲ್ಲವೇ ಅಲ್ಲ. ವಿಶ್ರಾಂತಿ ಮುಗಿಸಿದ ಕೂದಲಿನ ಕೊನೆ ಅಷ್ಟೇ. ನಿಜವಾದ ಬೇರು ಚರ್ಮದ ಒಳಗೆ ಹಾಗೇ ಉಳಿದಿರುತ್ತದೆ. ಇದನ್ನು ಕೇಳಿದಾಗ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಅಲ್ಲೇ ಕುರ್ಚಿಯಲ್ಲಿ ಅತ್ತುಬಿಟ್ಟೆ.

ಆದರೂ ಅವರು ರಕ್ತ ಪರೀಕ್ಷೆ ಬರೆದರು. ಜ್ವರದ ಉದುರುವಿಕೆ ತಾನಾಗಿ ನಿಲ್ಲಬೇಕು, ಅದರ ಹಿಂದೆ ಬೇರೇನಾದರೂ ಇದ್ದರೆ ನಿಲ್ಲುವುದಿಲ್ಲ ಅಂದರು. ಥೈರಾಯ್ಡ್ ಪರೀಕ್ಷೆಗೆ ಮೊದಲು ಬಯೋಟಿನ್ ಮಾತ್ರೆ ಕೆಲವು ದಿನ ನಿಲ್ಲಿಸಲು ಹೇಳಿದರು, ಅದು ಕೆಲವು ರಿಪೋರ್ಟ್‌ಗಳನ್ನು ತಪ್ಪಾಗಿ ತೋರಿಸುತ್ತದಂತೆ. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 11.4, ಹೆಂಗಸರಿಗೆ 12 ಆದರೂ ಇರಬೇಕು. ಫೆರಿಟಿನ್ 9. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಕಣಜ ಖಾಲಿ ಇತ್ತು. ನನಗೆ ವರ್ಷಗಳಿಂದ ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮಲ್ಲಿ ಯಾರು ಹೇಳುತ್ತಾರೆ, ಅಲ್ವಾ? ಅದಕ್ಕೆ ಬೇರೆ ಲೇಡಿ ಡಾಕ್ಟರ್ ಹತ್ತಿರ ತೋರಿಸಬೇಕಾಯಿತು.

ಕಬ್ಬಿಣದ ಮಾತ್ರೆ ಶುರುವಾಯಿತು. ಮೊದಲ ಎರಡು ವಾರ ಹೊಟ್ಟೆ ಕಟ್ಟಿತು, ಸಂಡಾಸ ಕಪ್ಪಾಯಿತು, ಹೆದರಿ ಫೋನ್ ಮಾಡಿದೆ. ಅದು ಹಾಗೇ ಇರುತ್ತದೆ ಅಂದರು. ಪಾರ್ಲರಿನಲ್ಲಿ ನಾನು ದಿನಕ್ಕೆ ಐದು ಕಪ್ ಚಹಾ ಕುಡಿಯುತ್ತಿದ್ದೆ, ಊಟ ಆದ ಕೂಡಲೇ ಒಂದು. ಚಹಾ ಊಟದಲ್ಲಿನ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದೂವರೆ ಗಂಟೆ ಬಿಟ್ಟೆ. ಮಾತ್ರೆಯನ್ನು ಲಿಂಬು ಶರಬತ್ತಿನ ಜೊತೆ ತಗೊಂಡೆ. ರೊಟ್ಟಿಗೆ ಪುಂಡಿ ಪಲ್ಯ, ಮಡಕಿ ಕಾಳಿನ ಉಸುಳಿ, ಎರಡು ಮೊಟ್ಟೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದು ತಿನ್ನುವ ರೂಢಿ ಬಿಟ್ಟೆ. ಇದನ್ನು ಬರೆಯಲು ಒಂದು ಸಾಲು ಸಾಕು, ಮಾಡಲು ತಿಂಗಳು ಬೇಕಾಯಿತು. ಒಂದು ಮಾತು: ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗಬೇಡಿ. ಕಡಿಮೆ ಇಲ್ಲದವರಿಗೆ ಅದು ಒಳ್ಳೆಯದಲ್ಲ.

ತಲೆಗೆ ಏನು ಹಚ್ಚಿದೆ? ತೊಳೆಯುವ ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆ, ಅಷ್ಟೇ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವ ಇರುವುದಿಲ್ಲ. ಎಣ್ಣೆ ಅದನ್ನು ತುಂಡಾಗದ ಹಾಗೆ ಕಾಯುತ್ತದೆ, ಬೇರಿಗೆ ಊಟ ಹಾಕುವುದಿಲ್ಲ. ಬೇರಿಗೆ ಊಟ ರಕ್ತದಿಂದ. ಹೊಟ್ಟು ಇದ್ದವರು ರಾತ್ರಿಯೆಲ್ಲ ಎಣ್ಣೆ ಇಟ್ಟುಕೊಂಡರೆ ಹೊಟ್ಟು ಜಾಸ್ತಿಯೇ ಆಗುತ್ತದೆ. ಇದನ್ನು ಎಣ್ಣೆ ಮಾಲೀಶ್ ಮಾಡಿ ದುಡಿಯುವ ನಾನೇ ಹೇಳುತ್ತಿದ್ದೇನೆ.

ಫೆಬ್ರುವರಿ ಪೂರ್ತಿ ಕೂದಲು ಬೀಳುತ್ತಲೇ ಇತ್ತು. ಆ ತಿಂಗಳು ಬಹಳ ಕಷ್ಟ. ಔಷಧ ತಗೊಂಡರೂ ಫಲ ಇಲ್ಲ ಅನ್ನಿಸುತ್ತದೆ. ಶರಣಬಸವೇಶ್ವರ ಜಾತ್ರೆ ಹೊತ್ತಿಗೆ, ಮಾರ್ಚಿನಲ್ಲಿ, ದಿನದ ಲೆಕ್ಕ 60ಕ್ಕೆ ಇಳಿದಿತ್ತು. ಒಂದು ಸಂಜೆ ಬೈತಲೆ ಹತ್ತಿರ ಕೈ ಆಡಿಸಿದೆ. ಅಂಗೈಗೆ ಏನೋ ಚುಚ್ಚಿದ ಹಾಗಾಯಿತು. ಗಿಡ್ಡ, ನೆಟ್ಟಗಿನ, ತುದಿ ಚೂಪಾದ ಹೊಸ ಕೂದಲು. ತುಂಡಾದ ಕೂದಲಿನ ತುದಿ ಮೊಂಡಾಗಿರುತ್ತದೆ, ಹೊಸದರದು ಸೂಜಿಯ ಹಾಗೆ. ನೂರಾರು ಇದ್ದವು. ಎಷ್ಟೇ ನೀರು ಹಚ್ಚಿ ಬಾಚಿದರೂ ಮಲಗುತ್ತಿರಲಿಲ್ಲ. ಮಲಗದೇ ಇರಲಿ ಅಂತ ಬಿಟ್ಟೆ.

ಈಗ ಪಾರ್ಲರಿಗೆ ಬಂದವರು ಕೂದಲು ಉದುರುತ್ತದೆ ಅಂದರೆ ಮೊದಲು ಕೂರಿಸಿ ಕೇಳುತ್ತೇನೆ: ಮೂರು ತಿಂಗಳ ಹಿಂದೆ ಏನಾಗಿತ್ತು? ಹೆಚ್ಚು ಸಲ ಏನೋ ಒಂದು ಇರುತ್ತದೆ. ಹೆರಿಗೆ ಆಗಿ ನಾಲ್ಕು ತಿಂಗಳಾದವರು, ಉಪವಾಸ ಮಾಡಿ ಹತ್ತು ಕಿಲೋ ಇಳಿಸಿದವರು, ಟೈಫಾಯ್ಡ್ ಆದವರು. ಬಾಣಂತಿಯರಿಗೆ ನಾನು ಯಾವ ಟ್ರೀಟ್‌ಮೆಂಟನ್ನೂ ಮಾರುವುದಿಲ್ಲ.

ಆದರೆ ಎಲ್ಲ ಉದುರುವಿಕೆಯೂ ಒಂದೇ ಅಲ್ಲ. ಇದನ್ನು ನೋಡಿ ನೋಡಿ ಕಲಿತೆ. ತಲೆಯೆಲ್ಲ ಒಂದೇ ಸಮ ತೆಳುವಾದರೆ ನನ್ನ ಥರದ್ದು. ಬೈತಲೆ ಮಾತ್ರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ, ಕೂದಲು ಎಳೆಎಳೆಯಾಗಿ ಸಣ್ಣಗಾಗುತ್ತಾ ಹೋದರೆ ಅದು ವಂಶದಿಂದ ಬಂದದ್ದು. ಗಂಡಸರಲ್ಲಿ ಹಣೆಯ ಎರಡು ಮೂಲೆ, ನೆತ್ತಿ ಖಾಲಿಯಾಗುತ್ತವೆ. ಟೆಸ್ಟೋಸ್ಟಿರಾನ್‌ನಿಂದ ಆಗುವ ಡಿಎಚ್‌ಟಿ ಎಂಬ ಹಾರ್ಮೋನು ಅಲ್ಲಿನ ಬೇರನ್ನು ಕುಗ್ಗಿಸುತ್ತದೆ. ಹೆಲ್ಮೆಟ್ ಹಾಕಿದ್ದರಿಂದ ಮಗನ ಕೂದಲು ಹೋಯಿತು ಅಂತ ತಾಯಂದಿರು ಹೇಳುತ್ತಾರೆ. ಹೆಲ್ಮೆಟ್ ತೆಗೆಸಬೇಡಿ, ದಯವಿಟ್ಟು. ವಂಶದಿಂದ ಬಂದ ಈ ಉದುರುವಿಕೆಗೆ ಮಿನಾಕ್ಸಿಡಿಲ್ ಎಂಬ ಔಷಧ ಹಚ್ಚುತ್ತಾರೆ. ಮೊದಲ ವಾರಗಳಲ್ಲಿ ಇನ್ನೂ ಜಾಸ್ತಿ ಉದುರಬಹುದು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಇದಕ್ಕೇ ಕೊಡುವ ಇನ್ನೊಂದು ಔಷಧ, ಫಿನಾಸ್ಟರೈಡ್ ಮಾತ್ರೆಯನ್ನು ಬಸುರಿಯರು, ಮಗು ಬೇಕೆನ್ನುವ ಹೆಂಗಸರು ತಗೊಳ್ಳಬಾರದು. ಎರಡನ್ನೂ ಡಾಕ್ಟರ್ ಕೇಳಿಯೇ ಶುರು ಮಾಡಬೇಕು.

ರೂಪಾಯಿ ನಾಣ್ಯದ ಹಾಗೆ ದುಂಡಗೆ, ನುಣ್ಣಗೆ ಖಾಲಿಯಾದರೆ ಜನ "ಹುಳ ತಿಂದದ" ಅನ್ನುತ್ತಾರೆ. ಹುಳ ಇಲ್ಲ, ಏನೂ ಇಲ್ಲ. ಮೈಯ ಕಾವಲು ಶಕ್ತಿಯೇ ದಾರಿ ತಪ್ಪಿ ಬೇರಿನ ಮೇಲೆ ಬೀಳುತ್ತದೆ. ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಮಕ್ಕಳ ತಲೆಯಲ್ಲಿ ಹೊಟ್ಟು, ತುರಿಕೆ ಜೊತೆ ಕೂದಲು ತುಂಡಾಗಿ ಹೋದರೆ ಅದು ಹೆಚ್ಚಾಗಿ ಫಂಗಸ್, ಅದಕ್ಕೆ ಬರೀ ಮುಲಾಮು ಸಾಲದು, ಹೊಟ್ಟೆಗೆ ಮಾತ್ರೆ ಬೇಕು.

ನನಗೆ ಜಾಸ್ತಿ ಸಂಕಟ ಆಗುವುದು ಶಾಲೆ ಹುಡುಗಿಯರನ್ನು ನೋಡಿದಾಗ. ಎಣ್ಣೆ ಹಚ್ಚಿ, ಕಣ್ಣು ಮೇಲೆ ಹೋಗುವ ಹಾಗೆ ಬಿಗಿದು ಎರಡು ಹೆರಳು, ರಿಬ್ಬನ್. ಕಿವಿ ಮೇಲೆ, ಹಣೆ ಅಂಚಿನಲ್ಲಿ ಕೂದಲು ಸವೆದಿರುತ್ತದೆ. ವರ್ಷಗಟ್ಟಲೆ ಎಳೆದರೆ ಅಲ್ಲಿ ಮತ್ತೆ ಬರದೇ ಹೋಗಬಹುದು. "ಸ್ವಲ್ಪ ಸಡಿಲ ಹಾಕ್ರಿ ವೈನಿ, ಹುಡುಗಿಗಿ ನೋವಾಗ್ತದ" ಅಂತ ಅವರ ತಾಯಂದಿರಿಗೆ ಹೇಳುತ್ತಲೇ ಇರುತ್ತೇನೆ.

ಆರು ತಿಂಗಳ ನಂತರ ನನ್ನ ಫೆರಿಟಿನ್ 46 ಆಯಿತು. ಹೊಸ ಕೂದಲು ಈಗ ಹೆಗಲು ಮುಟ್ಟುವಷ್ಟಾಗಿದೆ, ಹಳೆಯದರ ಉದ್ದಕ್ಕೆ ಬರಲು ಇನ್ನೂ ಎರಡು ವರ್ಷ ಬೇಕು. ಹೆರಳು ಹಾಕಿದರೆ ನಡುವೆ ನಡುವೆ ಗಿಡ್ಡ ಎಳೆಗಳು ಹೊರಗೆ ಬರುತ್ತವೆ. ಮೊನ್ನೆ ಕೂದಲಿನವನು ಬಂದಿದ್ದ. ಅತ್ತೆ ಡಬ್ಬಿ ಅಲ್ಲಾಡಿಸಿ ನೋಡಿ, ಅರ್ಧವೂ ತುಂಬಿಲ್ಲ ಅಂತ ಅವನನ್ನು ಹಾಗೇ ವಾಪಸ್ ಕಳಿಸಿದರು.