ಹಳೇ ಜಪಾನಿ ಇಂಜಿನ್ ಬಿಚ್ಚುವ ಮುಂಚೆ ಸ್ಕ್ರೂ ತಲೆ ನೋಡಿ

ಹಳೇ ಹೋಂಡಾ, ಯಮಹಾ, ಸುಜುಕಿ ಬೈಕ್ ಇಂಜಿನ್ ಬಿಚ್ಚಲು ಕೂತವರು ದಯವಿಟ್ಟು ಇದನ್ನೊಮ್ಮೆ ಓದಿ. ಕ್ಲಚ್ ಕವರ್ ಮೇಲಿನ ಪ್ಲಸ್ ಸ್ಕ್ರೂಗಳು ನೋಡೋಕೆ ಫಿಲಿಪ್ಸ್ (ಮಾಮೂಲಿ ಪ್ಲಸ್ ತಲೆ) ಥರಾನೇ ಇರುತ್ತವೆ, ಆದರೆ ಅವು ಜೆಐಎಸ್, ಅಂದರೆ ಜಪಾನಿನದೇ ಅಳತೆಯವು. ತಲೆ ಮೇಲೆ ಸೂಜಿಮೊನೆಯಷ್ಟು ಚುಕ್ಕೆ ಕಂಡರೆ ಅದೇ ಗುರುತು. ಎಲ್ಲದರಲ್ಲೂ ಚುಕ್ಕೆ ಇರುವುದಿಲ್ಲ. ಫಿಲಿಪ್ಸ್ ತುದಿ ಇದರ ತಳದವರೆಗೆ ಇಳಿಯುವುದಿಲ್ಲ. ಜೋರಾಗಿ ತಿರುಗಿಸಿದರೆ ಮೇಲಕ್ಕೆ ಜಾರಿ ತಲೆಯನ್ನೇ ಸವೆಸಿಬಿಡುತ್ತದೆ. ನಾನು ಹೀಗೆ ಮೂರು ಸ್ಕ್ರೂ ಹಾಳು ಮಾಡಿಕೊಂಡು ಇಡೀ ಸಂಜೆ ಡ್ರಿಲ್ ಹಿಡಿದು ಕೂತಿದ್ದೆ.

ಇಂಜಿನ್ ಕೇಸ್‌ನ (ಹೊರಕವಚದ) 6 ಎಂಎಂ ಸ್ಕ್ರೂಗೆ 3ನೇ ನಂಬರ್ ಜೆಐಎಸ್ ಬಿಟ್ ಬೇಕು. ಸ್ಟೀಲ್ ಸ್ಕ್ರೂ, ಅಲ್ಯುಮಿನಿಯಂ ಕೇಸ್ ಎರಡೂ ವರ್ಷಗಟ್ಟಲೆ ತೇವಕ್ಕೆ ಸಿಕ್ಕಿ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ (ಸಣ್ಣ ಸಂದಿಗೂ ಇಳಿಯುವ ತೆಳು ಎಣ್ಣೆ) ಬಿಡಿ. ಬೆಳಿಗ್ಗೆ ಅದನ್ನು ಪೂರ್ತಿ ಒರೆಸಿ, ಹೀಟ್ ಗನ್‌ನಿಂದ ಸ್ಕ್ರೂ ಸುತ್ತ ಬಿಸಿ ಮಾಡಿ. ಸ್ಟೀಲ್‌ಗಿಂತ ಅಲ್ಯುಮಿನಿಯಂ ಜಾಸ್ತಿ ಹಿಗ್ಗುತ್ತೆ, ಹಿಡಿತ ಸಡಿಲವಾಗುತ್ತೆ. ಆಮೇಲೆ ಕೈಯಲ್ಲಿ ಹಿಡಿಯುವ ಇಂಪ್ಯಾಕ್ಟ್ ಡ್ರೈವರ್ (ಸುತ್ತಿಗೆ ಪೆಟ್ಟನ್ನು ತಿರುಗುವ ಬಲವಾಗಿಸುವ ಸಾಧನ) ಇಟ್ಟು ಸುತ್ತಿಗೆಯಿಂದ ನೇರವಾಗಿ ಒಂದೇ ಗಟ್ಟಿ ಪೆಟ್ಟು. ಡ್ರೈವರ್ ಬಿಚ್ಚುವ ದಿಕ್ಕಿಗೇ ಸೆಟ್ ಆಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ. 'ಟಕ್' ಅಂತ ಸಣ್ಣ ಸದ್ದು ಬಂತು ಅಂದ್ರೆ ಸ್ಕ್ರೂ ಬಿಟ್ಟಿತು ಅಂತಲೇ. ಆ ಸದ್ದು ಕೇಳೋದೇ ಒಂದು ಖುಷಿ!

ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತೆ. ರಟ್ಟಿನ ಮೇಲೆ ಕವರ್ ಆಕಾರ ಬರೆದು, ಆಯಾ ಜಾಗದಲ್ಲೇ ಚುಚ್ಚಿಡಿ. ವಾಪಸ್ ಹಾಕುವಾಗ ಬಿಗಿತ 10 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಆಸುಪಾಸು ಸಾಕು, ಹಳೇ ಅಲ್ಯುಮಿನಿಯಂ ಥ್ರೆಡ್ ಬೇಗ ಕಿತ್ತುಬರುತ್ತೆ.